ಹುಲ್ಲು ಹೊತ್ತಿದ ಬೇಸಿಗೆಯೂ ಅತ್ತೆಯ ಹಸುವೂ

ಆ ವರ್ಷದ ಬೇಸಿಗೆಯಲ್ಲಿ ನಾನು ತಾರಸಿಯ ಮೇಲೆ ಬಟ್ಟೆ ಒಣಗಲು ಹಾಕುವುದನ್ನೇ ಬಿಟ್ಟುಬಿಟ್ಟೆ. ಹಾಕಿದ ಅರ್ಧ ಗಂಟೆಯೊಳಗೆ ಎಲ್ಲಿಂದಲೋ ಕರಿ ಎಳೆಗಳು ತೇಲಿಬಂದು ಕೂರುತ್ತಿದ್ದವು. ಕೊಡವಲು ಹೋದರೆ ಬಟ್ಟೆಗೇ ಬಳಿದುಕೊಳ್ಳುತ್ತಿದ್ದವು. ಸುಟ್ಟ ಹುಲ್ಲಿನ ಬೂದಿ ಅದು. ನಮ್ಮನೆಯವರ ಬಿಳಿ ಶರಟುಗಳೆಲ್ಲ ಬೂದುಬಣ್ಣಕ್ಕೆ ತಿರುಗಿದವು. 'ಇನ್ಮೇಲೆ ಕಪ್ಪು ಶರಟೇ ಹಾಕ್ಕೊಂಡು ಹೋಗಿ, ನನ್ನ ಕೈಲಿ ಉಜ್ಜೋಕಾಗಲ್ಲ' ಅಂತ ಒಂದು ದಿನ ಬಕೆಟ್ಟನ್ನೇ ಎತ್ತಿ ಕುಕ್ಕಿದ್ದೆ.

ಹಿಂದಿನ ಮುಂಗಾರು ಮಳೆ ಚೆನ್ನಾಗಿ ಸುರಿದಿತ್ತು. ನಮ್ಮ ಜಕ್ಕೂರಿನಿಂದ ಯಲಹಂಕದವರೆಗೆ ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಸೈಟುಗಳಲ್ಲೆಲ್ಲ ಹುಲ್ಲು ಸೊಂಟದೆತ್ತರ ಬೆಳೆದು ನಿಂತಿತ್ತು. ಆಮೇಲೆ ಹಿಂಗಾರು ಕೈಕೊಟ್ಟಿತು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತಾರೆ. ಆ ಸಲ ಅದಕ್ಕೂ ಮೊದಲೇ ಗಂಟುಮೂಟೆ ಕಟ್ಟಿತ್ತು. ಬೆಳೆದ ಹುಲ್ಲೆಲ್ಲ ಒಣಗಿ, ಗಾಳಿ ಬಂದರೆ ಸರಸರ ಅನ್ನುತ್ತಾ ಒಂದು ಕಿಡಿಗೆ ಕಾದು ನಿಂತಿತ್ತು. ಕಿಡಿ ಹಾಕುವವರಿಗೆ ನಮ್ಮೂರಲ್ಲಿ ಬರವೇ? ಒಬ್ಬ ಕಸಕ್ಕೆ ಹಚ್ಚುತ್ತಾನೆ, ಇನ್ನೊಬ್ಬ ಬೀಡಿ ಎಸೆಯುತ್ತಾನೆ, ಮತ್ತೊಬ್ಬ ಹಾವು ಬರುತ್ತದೆ ಅಂತ ಪಕ್ಕದ ಸೈಟಿನ ಹುಲ್ಲಿಗೆ ತಾನೇ ಬೆಂಕಿ ಇಟ್ಟು, ಅದು ಕೈಮೀರಿದ ಮೇಲೆ ಬಾಯಿ ಬಡಿದುಕೊಳ್ಳುತ್ತಾನೆ.

ಕಾಡೇ ಇಲ್ಲದ ಕಡೆ ಕಾಡ್ಗಿಚ್ಚು ಎಲ್ಲಿಂದ ಬರಬೇಕು ಅಂತ ನಾನೂ ಅಂದುಕೊಂಡಿದ್ದವಳೇ. ಆದರೆ ಆ ಬೇಸಿಗೆಯಲ್ಲಿ ಮಧ್ಯಾಹ್ನವಾದರೆ ಸಾಕು, ಯಾವ ಕಡೆ ತಿರುಗಿದರೂ ಒಂದು ಹೊಗೆಯ ಕಂಬ ಕಾಣುತ್ತಿತ್ತು. ಒಂದು ದಿನ ಕೆರೆಯ ಹಿಂಬದಿಯ ಒಣಗಿದ ಆಪಿನ ಜೊಂಡು, ಇನ್ನೊಂದು ದಿನ ಪುಟ್ಟ ವಿಮಾನಗಳು ಇಳಿಯುವ ಮೈದಾನದ ಬೇಲಿಯಾಚೆಯ ಹುಲ್ಲು, ಮತ್ತೊಂದು ದಿನ ಯಲಹಂಕ ದಾಟಿ ಹೋದರೆ ಸಿಗುವ ನೀಲಗಿರಿ ತೋಪು. ನೀಲಗಿರಿ ಉರಿದ ದಿನ ಮಾತ್ರ ಊರಿಗೆಲ್ಲ ನೆಗಡಿಯ ಮುಲಾಮು ಹಚ್ಚಿದ ವಾಸನೆ. ನಾನು ಯಲಹಂಕದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದೆ. ಬಸ್ಸಿನ ಕಿಟಕಿಯಿಂದ ಬೆಳಿಗ್ಗೆ ಹಳದಿಯಾಗಿ ಕಂಡ ಜಾಗ ಸಂಜೆ ವಾಪಸ್ ಬರುವಾಗ ಕಪ್ಪಗಿರುತ್ತಿತ್ತು. ಹೊಗೆಯ ಮೇಲೆ ಹದ್ದುಗಳು ಸುತ್ತುತ್ತಿದ್ದವು. ಬೆಂಕಿಗೆ ಹೆದರಿ ಹೊರಬಿದ್ದ ಇಲಿ, ಮಿಡತೆಗಳಿಗೆ ಕಾದು.

ಪಕ್ಕದ ಅಪಾರ್ಟ್‌ಮೆಂಟಿನವರು ಕಿಟಕಿಗಳನ್ನೆಲ್ಲ ಮುಚ್ಚಿ, ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ದಿನಾ ಹೊಗೆಯ ಫೋಟೋ ಹಾಕುತ್ತಿದ್ದರು. ಫೈರ್ ಎಂಜಿನ್ನಿಗೆ ಫೋನ್ ಮಾಡಿದಿರಾ ಅಂತ ನಾನು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಬೇರೆ ಯಾರಾದರೂ ಮಾಡಿರುತ್ತಾರೆ. ನಾನೇ ಮಾಡುತ್ತಿದ್ದೆ. ಕೊನೆಕೊನೆಗೆ ಆ ಕಡೆಯವರು ನನ್ನ ದನಿ ಕೇಳಿದ ಕೂಡಲೇ, 'ಹೇಳಿ ಮೇಡಮ್, ಇವತ್ತು ಯಾವ ಕಡೆ?' ಅನ್ನುತ್ತಿದ್ದರು. ಪಾಪ, ಅವರ ಗಂಟಲೂ ಹೊಗೆಯಿಂದ ಕಟ್ಟಿಹೋಗಿರುತ್ತಿತ್ತು.

ಇಷ್ಟೆಲ್ಲ ನಡೆಯುವಾಗ ನಮ್ಮನೆಯಲ್ಲಿ ಒಂದು ಹಸು ಇತ್ತು.

ನಾನು ಹುಟ್ಟಿ ಬೆಳೆದದ್ದು ಆರ್.ಟಿ. ನಗರದಲ್ಲಿ. ಹಾಲು ಅಂದರೆ ಪ್ಯಾಕೆಟ್ಟು ಅಂತ ತಿಳಿದವಳು. ಮದುವೆಯಾಗಿ ಜಕ್ಕೂರಿನ ಹಳೇ ಊರಿಗೆ ಬಂದ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಒಂದು ಎಮ್ಮೆಯ ಮುಖ! ಆಗ ಕೊಟ್ಟಿಗೆ ತುಂಬಾ ದನಗಳಿದ್ದವು. ಹೊಲ ಲೇಔಟುಗಳಾದ ಹಾಗೆಲ್ಲ ಒಂದೊಂದೇ ಹೋಗಿ, ಕೊನೆಗೆ ಉಳಿದದ್ದು ಒಂದು ಕೆಂದ ಬಣ್ಣದ ನಾಟಿ ಹಸು. ಅದು ಪೂರ್ತಿಯಾಗಿ ನಮ್ಮತ್ತೆಯದು. ನಾವೆಲ್ಲ ಹತ್ತಿರ ಹೋದರೆ ಕೊಂಬು ತಿರುವುತ್ತಿತ್ತು, ಅತ್ತೆಯ ಸೆರಗಿನ ವಾಸನೆ ಬಂದರೆ ಮಾತ್ರ ಕರುವಿನ ಹಾಗೆ ಕತ್ತು ಚಾಚುತ್ತಿತ್ತು. ಅತ್ತೆ ಹಾಲು ಕರೆಯುತ್ತಿದ್ದರು. ಸಗಣಿ ಬಾಚುವುದು ಮಾತ್ರ ಯಾಕೋ ನನ್ನ ಪಾಲಿಗೆ ಬಂದಿತ್ತು. ಆಫೀಸಿಗೆ ಹೊರಡುವ ಮುಂಚೆ ಸಗಣಿ ಬಾಚಿ, ಮೂರು ಸಲ ಸೋಪು ಹಾಕಿ ಕೈ ತೊಳೆದರೂ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಮೂಗು ಮುಚ್ಚಿಕೊಳ್ಳುತ್ತಿದ್ದಾರೇನೋ ಅನ್ನಿಸುತ್ತಿತ್ತು. ಆ ಹಸು ಅಂದರೆ ನನಗೆ ಆಗುತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ?

ಕೊಟ್ಟಿಗೆ ಕೆಡವಿ ಅಲ್ಲಿ ಎರಡು ಬಾಡಿಗೆ ಮನೆ ಕಟ್ಟಬೇಕು ಅನ್ನುವುದು ನಮ್ಮನೆಯವರ ಆಸೆ. ನನ್ನದೂ ಕೂಡ. ಅತ್ತೆಯ ಮುಂದೆ ಆ ಮಾತೆತ್ತಿದಾಗಲೆಲ್ಲ ಅವರು ಎದ್ದು ಹೋಗಿ ಹಸುವಿನ ಪಕ್ಕ ಕೂತುಬಿಡುತ್ತಿದ್ದರು. ಆ ವರ್ಷ ಹಸು ಗಬ್ಬವಾಗಿದ್ದಾಗ ಒಂದು ದಿನ ತಾವಾಗಿಯೇ ಮಾತು ತೆಗೆದರು.

'ನಂಗೂ ಮೊದಲಿನಂಗೆ ಆಗಾಕಿಲ್ಲ ಕಣಪ್ಪ. ಇದೊಂದು ಸೂಲು ಕರ್ಕೊಂಡ್ಬುಡ್ತೀನಿ. ಆಲು ನಿಂತ ದಿನ ನಾನೇ ಅಗ್ಗ ಬಿಚ್ಚಿ ಕೊಟ್ಬುಡ್ತೀನಿ. ಅಲ್ಲೀಗಂಟ ಕೊಟ್ಟಿಗೆ ತಂಟೆಗೆ ಬರಬ್ಯಾಡ.'

ನಮ್ಮನೆಯವರು ಒಪ್ಪಿದರು. ಅತ್ತೆ ಆಡಿದ ಮಾತಿಗೆ ತಪ್ಪಿದವರೇ ಅಲ್ಲ. ಎಂಟು ಎಕರೆಯನ್ನು ಮೈದುನನಿಗೆ ಬಾಯಿಮಾತಿನಲ್ಲೇ ಪಾಲು ಮಾಡಿಕೊಟ್ಟು, ಆಮೇಲೆ ಅದರ ಬೆಲೆ ಎಲ್ಲಿಗೋ ಹೋದಾಗಲೂ ತುಟಿ ಬಿಚ್ಚದ ಹೆಂಗಸು. ಹಾಗಾಗಿ ನಮ್ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು: ಹಸು ಹಾಲು ಕೊಡುವವರೆಗೆ ಕೊಟ್ಟಿಗೆ ಇರುತ್ತದೆ. ಹಾಲು ನಿಂತರೆ ಹಸು ಹೋಗುತ್ತದೆ. ಅತ್ತೆಗಂತೂ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಸು ಹೆಣ್ಣುಗರು ಹಾಕಿತು. ಒಳ್ಳೆಯ ಹಾಲೂ ಇತ್ತು. ನಾಟಿ ಹಸುವಿನ ಹಾಲು ಅಂತ ಅಪಾರ್ಟ್‌ಮೆಂಟಿನ ಹೆಂಗಸರು ಬೆಳಿಗ್ಗೆ ವಾಕಿಂಗ್ ಬೂಟಿನಲ್ಲೇ ಗೇಟಿನ ಹತ್ತಿರ ಬಂದು ಸ್ಟೀಲ್ ಕ್ಯಾನು ಹಿಡಿದು ನಿಲ್ಲುತ್ತಿದ್ದರು. ಅತ್ತೆ ಒಬ್ಬೊಬ್ಬರನ್ನೂ, 'ಯಾಕವ್ವ, ನೆನ್ನೆ ಬರ್ನಿಲ್ಲ?' ಅಂತ ವಿಚಾರಿಸಿಕೊಂಡು ಅಳೆಯುತ್ತಿದ್ದರು. ಅಷ್ಟು ಹೊತ್ತು ಅವರ ಮುಖ ನೋಡಬೇಕಿತ್ತು. ಸೊಸೆಯಾದ ನನ್ನ ಜೊತೆ ಆಡುವ ಮಾತುಗಳ ಹತ್ತರಷ್ಟನ್ನು ಅವರ ಜೊತೆ ಆಡುತ್ತಿದ್ದರು.

ಬೆಂಕಿಗಳು ಶುರುವಾದ ಮೇಲೆ ನಮಗೆ ಜಗಳಕ್ಕೆ ಹೊಸ ಕಾರಣ ಸಿಕ್ಕಿತು. ಊರಿನ ಗಲ್ಲಿ ಮುಗಿಯುವ ಕಡೆ ಒಂದು ಲೇಔಟ್ ಇದೆ. ರಸ್ತೆ ಮಾಡಿ, ಕಲ್ಲು ನೆಟ್ಟು, ಯಾರೂ ಮನೆ ಕಟ್ಟದೆ ಬಿಟ್ಟ ಜಾಗ. ಅದರ ನಡುವೆ ಒಂದು ದೊಡ್ಡ ಹೊಂಗೆಮರ, ಆಚೆ ಅಪಾರ್ಟ್‌ಮೆಂಟಿನ ಎತ್ತರದ ಕಾಂಪೌಂಡು. ಅತ್ತೆ ದಿನಾ ಬೆಳಿಗ್ಗೆ ಹಸು ಕರುವನ್ನು ಅಲ್ಲಿಗೆ ಹೊಡೆದುಕೊಂಡು ಹೋಗಿ, ಹೊಂಗೆಯ ನೆರಳಿನಲ್ಲಿ ಗೂಟಕ್ಕೆ ಹಸುವನ್ನು ಕಟ್ಟಿ, ಒಂದು ಹೊರೆ ರಾಗಿಹುಲ್ಲು ಹಾಕಿ, ಟಬ್ಬಿಗೆ ನೀರು ತುಂಬಿಸಿ ಬರುತ್ತಿದ್ದರು. ಕರುವನ್ನು ಕಟ್ಟುತ್ತಿರಲಿಲ್ಲ. ಅದು ತಾಯಿಯನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

'ಅತ್ತೆ, ಸುತ್ತಮುತ್ತ ಇಷ್ಟು ಬೆಂಕಿ ಬೀಳ್ತಿದೆ. ಮನೇಲೇ ಕಟ್ಟಿಹಾಕಿ' ಅಂದೆ.

'ದಿನಾ ಪೂರ್ತಿ ಕೊಟ್ಟಿಗೇಲಿ ನಿಂತ್ರೆ ಕಾಲು ಇಡ್ಕೊತವೆ. ಶೀಟ್ ಕೆಳಗೆ ಕಾವು ಎಂಗೈತೆ ನೀನೇ ಒಂದ್ ಗಳಿಗೆ ನಿಂತ್ ನೋಡು' ಅಂದರು.

ಅದೂ ನಿಜವೇ. ಕೊಟ್ಟಿಗೆಯ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ನಿಲ್ಲಲು ಆಗುತ್ತಿರಲಿಲ್ಲ. ಆದರೂ ನಾನು ಬಿಡದೆ, 'ಹೇಳೋದು ಹೇಳಿದ್ದೀನಿ, ಆಮೇಲೆ ನನ್ನ ಅನ್ಬೇಡಿ' ಅಂದೆ. ಅತ್ತೆ, 'ನಿನ್ನ ಅನ್ನಾಕೆ ನಂಗೇನ್ ಬ್ಯಾರೆ ಕೆಲ್ಸ ಇಲ್ವಾ?' ಅಂದು ಹಗ್ಗ ಹಿಡಿದು ಹೊರಟೇಬಿಟ್ಟರು.

ಯುಗಾದಿಗೆ ಇನ್ನೂ ಸ್ವಲ್ಪ ದಿನ ಇತ್ತು. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿದು ನಾನು ಪಾತ್ರೆ ತೊಳೆಯುತ್ತಿದ್ದೆ. ಎದುರುಮನೆಯಾಕೆ ಅವರ ತಾರಸಿಯ ಮೇಲಿಂದ ಕಿರುಚಿದಳು: 'ಅಜ್ಜೀ! ನಿಮ್ಮ ಹೊಂಗೆಮರದ ಕಡೆ ಹೊಗೆ ಎದ್ದೈತೆ ಕಣಜ್ಜೀ!'

ಜಗುಲಿಯ ಮೇಲೆ ಅವರೇಕಾಳು ಹಸನು ಮಾಡುತ್ತಿದ್ದ ಅತ್ತೆಯ ಮೊರ ನೆಲಕ್ಕೆ ಬಿತ್ತು. ನಾನು ಕೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಅವರು ಗಲ್ಲಿಯ ತಿರುವಿನಲ್ಲಿದ್ದರು. ಎಪ್ಪತ್ತು ದಾಟಿದ ಮಂಡಿನೋವಿನ ಹೆಂಗಸು ಬರಿಗಾಲಲ್ಲಿ ಹಾಗೆ ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ನಿದ್ದೆಗಣ್ಣಿನಲ್ಲಿ ಎದ್ದ ನಮ್ಮನೆಯವರು ಲುಂಗಿ ಎತ್ತಿ ಕಟ್ಟಿಕೊಂಡು ಹಿಂದೆಯೇ ಓಡಿದರು. ನಾನು ಫೈರ್ ಎಂಜಿನ್ನಿಗೆ ಫೋನ್ ಮಾಡುತ್ತಲೇ ಓಡಿದೆ.

ಬೆಂಕಿ ಲೇಔಟಿನ ನಮ್ಮ ಕಡೆಯ ಅಂಚಿನಲ್ಲೇ ಹುಟ್ಟಿತ್ತು. ಅಲ್ಲಿ ಯಾರೋ ಸುರಿದ ಕಸದ ರಾಶಿ ಇನ್ನೂ ಉರಿಯುತ್ತಿತ್ತು. ನಾವು ಹೋಗುವಷ್ಟರಲ್ಲಿ ಮುಂದಿನ ನಾಲ್ಕಾರು ಸೈಟು ಸುಟ್ಟು ಕಪ್ಪಾಗಿತ್ತು. ಅದರಾಚೆ, ಈ ರಸ್ತೆಯಿಂದ ಆ ರಸ್ತೆಯವರೆಗೆ ಉದ್ದಕ್ಕೂ ಒಂದು ಉರಿಯ ಸಾಲು. ಗಾಳಿ ಅದನ್ನು ಹೊಂಗೆಮರದ ಕಡೆಗೇ ತಳ್ಳುತ್ತಿತ್ತು. ಉರಿಯ ಆಚೆ ಹಸು ಕರು, ಅವುಗಳ ಹಿಂದೆ ಗೋಡೆ. ಹಸು ಹಗ್ಗ ಜಗ್ಗಿ ಜಗ್ಗಿ ಗೂಟದ ಸುತ್ತ ತಿರುಗುತ್ತಿತ್ತು. ಕರು ಅದರ ಹೊಟ್ಟೆಯ ಕೆಳಗೆ ತೂರಿಕೊಂಡು ಕೂಗುತ್ತಿತ್ತು. ಅಯ್ಯೋ ಶಿವನೇ, ಆ ಕೂಗು!

ನಮ್ಮನೆಯವರು ಎರಡು ಸಲ ಮುಂದೆ ಹೋಗಿ, ಝಳ ತಡೆಯಲಾರದೆ ಎರಡು ಸಲವೂ ವಾಪಸ್ ಬಂದರು. ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಗೋಡೆಯ ಆಚೆಯಿಂದ ಪೈಪಿನಲ್ಲಿ ನೀರು ಬಿಟ್ಟರು. ಅದು ಮರದವರೆಗೆ ಬರಲಿಲ್ಲ. ಆಗ ಅತ್ತೆ ಸುಟ್ಟ ಹುಲ್ಲಿನ ಕೂಳೆಯ ಮೇಲೆ ಬರಿಗಾಲಲ್ಲಿ ನಡೆದುಕೊಂಡು ಹೋಗಿ, ಉರಿಯ ಹತ್ತಿರ ನಿಂತು, ಎರಡೂ ಕೈ ಚಾಚಿ ಕರೆದರು.

'ಬಾ ತಾಯೀ... ಬಾ, ಬಾ, ಬಾ!'

ಆ ಕರೆ ನನಗೆ ಗೊತ್ತಿತ್ತು. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುವಾಗಿನ ಕರೆ ಅದು. ನಮ್ಮೂರಲ್ಲಿ ಇವತ್ತಿಗೂ ಆ ಪದ್ಧತಿ ಬಿಟ್ಟಿಲ್ಲ. ದನಗಳ ಮೈ ತೊಳೆದು, ಅರಿಶಿನ ಬಳಿದು, ಬೀದಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಹಚ್ಚುತ್ತಾರೆ. ಆಟೋಗಳೂ, ಊಟ ತಲುಪಿಸುವ ಬೈಕಿನವರೂ ನಿಂತು ವಿಡಿಯೋ ಮಾಡಿಕೊಳ್ಳುತ್ತಾರೆ. ಗಂಡಸರು ಆ ಕಡೆಯಿಂದ ದನ ಅಟ್ಟುತ್ತಾರೆ. ಮನೆಯ ಹೆಂಗಸು ಈ ಕಡೆ, ಮನೆಬಾಗಿಲ ಕಡೆ ನಿಂತು ಕರೆಯುತ್ತಾಳೆ. ದನ ಉರಿಯನ್ನು ಹಾರಿ ನೇರ ಮನೆಗೆ ನುಗ್ಗುತ್ತದೆ. ಉಣ್ಣೆಹುಳ, ರೋಗ ಎಲ್ಲ ಆ ಉರಿಯಲ್ಲೇ ಉದುರಿಹೋಗುತ್ತದೆ ಅನ್ನುವುದು ನಂಬಿಕೆ. ಈ ಹಸು ಪ್ರತಿ ವರ್ಷ ಅತ್ತೆಯ ದನಿಗೆ ಹಾರಿ ಬಂದಿತ್ತು. ಆ ವರ್ಷ ತುಂಬಿದ ಗಬ್ಬ ಅಂತ ಅತ್ತೆ ಒಂದೇ ಹಿಡಿ ಹುಲ್ಲು ಹಚ್ಚಿ, ಶಾಸ್ತ್ರಕ್ಕೆ ದಾಟಿಸಿದ್ದರು.

ಹಸು ಕಿವಿ ನಿಗುರಿಸಿತು. ಅತ್ತೆ ಮತ್ತೆ ಕರೆದರು. ಅದು ತಲೆ ಬಗ್ಗಿಸಿ ಒಮ್ಮೆ ಎಳೆದ ರಭಸಕ್ಕೆ ಗೂಟ ಕಿತ್ತು ಬಂತು. ಹಗ್ಗವನ್ನೂ ಗೂಟವನ್ನೂ ಎಳೆದುಕೊಂಡು, ಎದೆಯೆತ್ತರದ ಉರಿಗೆ ನೇರವಾಗಿ ಹಾರಿತು. ಸಂಕ್ರಾಂತಿಯ ಕಿಚ್ಚು ಮೊಣಕಾಲಿನಷ್ಟು ಎತ್ತರ, ಒಂದು ಹೆಜ್ಜೆಯಷ್ಟು ಅಗಲ. ಇದು ಹಾಗಿರಲಿಲ್ಲ. ಹಾರಿದ್ದು ಉರಿಯ ನಡುವೆಯೇ ಇಳಿಯಿತು, ಮತ್ತೆ ಎಗರಿತು, ಹೊಗೆಯೊಳಗಿಂದ ನಮ್ಮ ಕಡೆಗೆ ಬಂದು ಅತ್ತೆಯ ಮುಂದೆ ನಿಂತಿತು. ಕೂದಲು ಸುಟ್ಟ ವಾಸನೆ. ಅತ್ತೆ ಅದರ ಕತ್ತು ತಬ್ಬಿಕೊಂಡು, 'ಬಂದ್ಯಾ ನನ್ನವ್ವ, ಬಂದ್ಯಾ' ಅಂತ ಅಳುತ್ತಿದ್ದರು. ಊರಿನವರು ಯಾರೋ ಶಿಳ್ಳೆ ಕೂಡ ಹೊಡೆದರು. ನಾನೂ ನಗುತ್ತಿದ್ದೆ ಅಂತ ನೆನಪು.

ಆಗ ಆಚೆಯಿಂದ ಕರು ಕೂಗಿತು.

ನಾವೆಲ್ಲ ಅದನ್ನು ಮರೆತೇಬಿಟ್ಟಿದ್ದೆವು. ಕರೆದರೆ ತಾಯಿಯ ಹಿಂದೆ ಕರುವೂ ಬರುತ್ತದೆ ಅಂತ ಅತ್ತೆ ಅಂದುಕೊಂಡಿದ್ದರೇನೋ. ಆದರೆ ಆ ಕರು ಹುಟ್ಟಿದ್ದೇ ಸಂಕ್ರಾಂತಿ ಕಳೆದ ಮೇಲೆ. ಅದು ಯಾವತ್ತೂ ಕಿಚ್ಚು ಹಾಯ್ದಿರಲಿಲ್ಲ. ಉರಿಯನ್ನು ಹಾರಬಹುದು ಅನ್ನುವುದೇ ಅದಕ್ಕೆ ಗೊತ್ತಿರಲಿಲ್ಲ.

ಹಸು ಅತ್ತೆಯ ತೋಳಿನಿಂದ ಕತ್ತು ಬಿಡಿಸಿಕೊಂಡು ತಿರುಗಿತು. ನಮ್ಮನೆಯವರು ಹಗ್ಗ ಹಿಡಿದರು. ಅದು ಎಳೆದ ಎಳೆತಕ್ಕೆ ಅವರ ಅಂಗೈಯ ಚರ್ಮ ಕಿತ್ತು ಬಂತು. ಅತ್ತೆ, 'ಬ್ಯಾಡ ಕಣೇ, ಬ್ಯಾಡ ಕಣೇ, ಬಾರೇ ಇತ್ಲಾಗೆ' ಅಂತ ಕಿರುಚಿದರು. ಅತ್ತೆಯ ಮಾತನ್ನು ಅದು ಕೇಳದೆ ಹೋದದ್ದು ಅದೊಂದೇ ಸಲ. ಮನೆಗೆ ಬೆನ್ನು ಮಾಡಿ ಕಿಚ್ಚು ಹಾಯುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಅದು ಹೋಯಿತು.

ಆಮೇಲೆ ಸ್ವಲ್ಪ ಹೊತ್ತು ಬರೀ ಹೊಗೆ. ಅತ್ತೆ ಕೂಳೆಯ ಮೇಲೆ ಕುಕ್ಕರಿಸಿ ಕೂತುಬಿಟ್ಟಿದ್ದರು. ನಾನು ಅವರನ್ನು ಎಬ್ಬಿಸಲು ಹೋದರೆ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡರು ಅಂದರೆ ಬಳೆ ಒಡೆದುಹೋಯಿತು. ಉರಿ ಗೋಡೆಯವರೆಗೆ ಹೋಗಿ, ತಿನ್ನಲು ಇನ್ನೇನೂ ಇಲ್ಲದೆ ತಾನಾಗಿಯೇ ಆರಿತು. ಫೈರ್ ಎಂಜಿನ್ನು ಗಲ್ಲಿಯಲ್ಲಿ ನಿಲ್ಲಿಸಿದ್ದ ಕಾರುಗಳನ್ನೆಲ್ಲ ಸರಿಸಿಕೊಂಡು ಬರುವಷ್ಟರಲ್ಲಿ ಬೂದಿಗೆ ನೀರು ಹಾಕುವುದಷ್ಟೇ ಉಳಿದಿತ್ತು.

ಹೊಗೆ ತಿಳಿಯಾದಾಗ ನೋಡಿದರೆ ಹೊಂಗೆಯ ಕೆಳಗೆ ಹಸು ನಿಂತಿತ್ತು. ಅದರ ಪಕ್ಕದಲ್ಲಿ ಕರುವೂ ನಿಂತಿತ್ತು.

ಕರುವಿನ ಒಂದು ಕೂದಲೂ ಕೊಂಕಿರಲಿಲ್ಲ. ಯಾಕೆ ಅಂತ ಅಲ್ಲಿಗೆ ಹೋದಾಗಲೇ ಗೊತ್ತಾದದ್ದು. ದಿನಾ ಅದೇ ಗೂಟ, ಅದೇ ಹಗ್ಗ. ಹಗ್ಗ ಎಳೆಯುವಷ್ಟು ದೂರ ಹಸು ಇದ್ದಬದ್ದ ಹುಲ್ಲನ್ನೆಲ್ಲ ಮೇಯ್ದು, ತುಳಿದು, ನೆಲವನ್ನು ಕಣದ ಹಾಗೆ ಬೋಳು ಮಾಡಿತ್ತು. ಹಾಕಿದ ರಾಗಿಹುಲ್ಲನ್ನೂ ಬೆಳಿಗ್ಗೆಯೇ ತಿಂದು ಮುಗಿಸಿತ್ತು. ಉರಿ ಬಂದು ಆ ಬೋಳು ನೆಲದ ಅಂಚಿನಲ್ಲಿ ಎರಡಾಗಿ ಸೀಳಿಕೊಂಡು, ಎರಡೂ ಬದಿಯಿಂದ ದಾಟಿಹೋಗಿತ್ತು. ಕರು ಇದ್ದಲ್ಲಿಯೇ ನಿಂತಿತ್ತು, ಉಳಿಯಿತು. ನಾವು ಸುಮ್ಮನಿದ್ದಿದ್ದರೆ ಹಸುವೂ ಅಲ್ಲಿಯೇ ನಿಂತಿರುತ್ತಿತ್ತು.

ಅತ್ತೆ ಆ ನೆಲವನ್ನು ನೋಡಿದರು. ಸುಟ್ಟದ್ದು ಎಲ್ಲಿಗೆ ನಿಂತಿದೆ ಅಂತ ಸುತ್ತಲೂ ಒಮ್ಮೆ ನೋಡಿದರು. ಬಗ್ಗಿ ಹಸುವಿನ ಹೊಟ್ಟೆಯ ಕೆಳಗೆ ಕೈಹಾಕಿ ಕೆಚ್ಚಲು ಮುಟ್ಟಿದರು. ಹಸು ಒದೆಯಿತು. ಅವರನ್ನು ಅದು ಯಾವತ್ತೂ ಒದ್ದಿರಲಿಲ್ಲ.

ಬರುವಾಗ ಒಮ್ಮೆ, ವಾಪಸ್ ಹೋಗುವಾಗ ಒಮ್ಮೆ, ಎರಡು ಸಲ ಉರಿಯ ಮೇಲೆ ಹಾಯ್ದಿತ್ತಲ್ಲ, ಕೆಚ್ಚಲು ಪೂರ್ತಿ ಬೆಂದಿತ್ತು. ದನದ ಡಾಕ್ಟರು ಬಂದು ಮುಲಾಮು, ಇಂಜೆಕ್ಷನ್ ಎಲ್ಲ ಕೊಟ್ಟರು. 'ಜೀವಕ್ಕೇನೂ ಭಯ ಇಲ್ಲ ಅಮ್ಮ. ಆದರೆ ಮೊಲೆತೊಟ್ಟುಗಳು ಮುಚ್ಚಿಹೋಗ್ತವೆ. ಹಾಲಿನ ಆಸೆ ಬಿಟ್ಬಿಡಿ, ಮುಂದಿನ ಸೂಲಿಗೂ ಅಷ್ಟೆ' ಅಂದರು. ಅತ್ತೆಯ ಅಂಗಾಲುಗಳಲ್ಲೂ ಬೊಬ್ಬೆ ಎದ್ದಿದ್ದವು. ಡಾಕ್ಟರ ಹತ್ತಿರ ಹೋಗೋಣ ಬನ್ನಿ ಅಂದರೆ, 'ಅದುಕ್ಕಾಕಿದ ಮುಲಾಮೇ ನಂಗೂ ಆಕು' ಅಂದರು. ನಾನು ರೇಗಿ, ಆಟೋ ತಂದು, ಎಳೆದುಕೊಂಡೇ ಹೋದೆ.

ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸಬೇಕಾಯಿತು. ಊರಿಗೆಲ್ಲ ಹಾಲು ಅಳೆದ ಮನೆಗೆ ನಾನು ಮೂಲೆ ಅಂಗಡಿಯಿಂದ ಹಾಲಿನ ಪ್ಯಾಕೆಟ್ಟು ತರುತ್ತಿದ್ದೆ. ಅಪಾರ್ಟ್‌ಮೆಂಟಿನ ಹೆಂಗಸರು ಮೊದಮೊದಲು ಹಸುವಿನ ಆರೋಗ್ಯ ಕೇಳಿಕೊಂಡು ಬಂದರು, ಆಮೇಲೆ ನಿಂತರು. ಅತ್ತೆ ಮಾತ್ರ ದಿನಾ ಅದೇ ಹೊತ್ತಿಗೆ ಎದ್ದು, ಬರಿಗೈಯಲ್ಲಿ ಗೇಟಿನ ಹತ್ತಿರ ಹೋಗಿ ನಿಂತು ಬರುತ್ತಿದ್ದರು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ. ಒಂದು ದಿನ ಪಾತ್ರೆ ಕುಕ್ಕುತ್ತಾ, 'ಆಗಿದ್ದಾಯ್ತು ಬಿಡಿ ಅತ್ತೆ. ನೀವೇನು ಬೇಕಂತ ಮಾಡಿದ್ರಾ? ನಾನಾಗಿದ್ರೂ ಕರೀತಿದ್ದೆ' ಅಂದೆ.

'ನೀನ್ ಕರ್ದಿದ್ರೆ ಬತ್ತಿರ್ನಿಲ್ಲ ಕಣವ್ವ' ಅಂದರು.

ನಿಜವೇ. ನಾನು ಕರೆದಿದ್ದರೆ ಅದು ಬರುತ್ತಿರಲಿಲ್ಲ.

ಗಾಯ ಮಾಗಿತು. ಮುಂಗಾರಿನ ಮೊದಲ ಮಳೆ ಬಿದ್ದು, ಸುಟ್ಟ ಸೈಟುಗಳಲ್ಲಿ ಎಳೆ ಹುಲ್ಲು ಬಂತು. ಬೆಂಕಿಯ ಮಾತೇ ಊರಿಗೆ ಮರೆತುಹೋಯಿತು. ಬಡಾವಣೆಯವರು ಆಗ ಸಭೆ ಸೇರಿ, ಖಾಲಿ ಸೈಟುಗಳ ಹುಲ್ಲು ಕತ್ತರಿಸಲು ಮಾಲೀಕರಿಗೆ ಹೇಳಬೇಕು ಅಂತ ತೀರ್ಮಾನ ಮಾಡಿದರು. ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದು ಅಂದರೆ ಇದೇ. ನಮ್ಮನೆಯವರು ಮಾತ್ರ ಕೊಟ್ಟಿಗೆಯ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಎತ್ತಿದ್ದು ಅತ್ತೆಯೇ.

'ಆಲು ನಿಂತೈತೆ. ದಲ್ಲಾಳಿಗೆ ಏಳಪ್ಪ' ಅಂದರು ಒಂದು ದಿನ ರಾಗಿಮುದ್ದೆ ಮುರಿಯುತ್ತಾ.

'ಅಮ್ಮ, ಈಗೇನು ಅವಸರ? ಇರ್ಲಿ ಬಿಡು' ಅಂದರು ನಮ್ಮನೆಯವರು.

'ಮಾತು ಮಾತೇ. ಏಳು.'

ದೊಡ್ಡಬಳ್ಳಾಪುರದ ಕಡೆಯ ದಲ್ಲಾಳಿ ಟೆಂಪೋ ತಂದ. ಒಳ್ಳೆಯ ಮನುಷ್ಯನೇ, ಒಳ್ಳೆ ಮನೆಗೇ ಸೇರಿಸ್ತೀನಿ ಅಂದ. ಹಾಲು ಬಾರದ, ಮುಂದೆಯೂ ಬಾರದ ಹಸುವನ್ನು ಯಾವ ಒಳ್ಳೆ ಮನೆಯವರು ಕಟ್ಟಿಕೊಳ್ಳುತ್ತಾರೆ ಅಂತ ಯಾರೂ ಕೇಳಲಿಲ್ಲ. ಅತ್ತೆ ಹೇಳಿದ್ದ ಹಾಗೆಯೇ ತಾವೇ ಹಗ್ಗ ಬಿಚ್ಚಿ ಅವನ ಕೈಗೆ ಕೊಟ್ಟು, ಒಳಗೆ ಹೋಗದೆ ಗೇಟಿನ ಹತ್ತಿರ ನಿಂತರು.

ಹಸು ಕೊಟ್ಟಿಗೆಯ ಹೊಸ್ತಿಲು ದಾಟಲಿಲ್ಲ. ದಲ್ಲಾಳಿ ಎಳೆದ, ಹಿಂದಿನಿಂದ ನೂಕಿದ, ಬಾಲ ಹಿಡಿದು ತಿರುಚಿದ. ಅದು ನಾಲ್ಕೂ ಕಾಲು ಊರಿ, ಕಣ್ಣಿನ ಬಿಳಿ ತೋರಿಸಿಕೊಂಡು ನಿಂತಿತು. ಕರು ಹಿಂದೆ ಅವಿತುಕೊಂಡಿತ್ತು. ಕೊನೆಗೆ ಅವನು ಬೆವರು ಒರೆಸಿಕೊಳ್ಳುತ್ತಾ ಅಂದ: 'ಅಜ್ಜಿ, ನೀವ್ ಒಂದ್ಸಲ ಕರೀರಿ. ನಿಮ್ಮ ದನಿಗೆ ಬತ್ತದೆ.'

ಅತ್ತೆ ಅವನ ಮುಖ ನೋಡಿದರು. ಆಮೇಲೆ ನಿಧಾನವಾಗಿ ಹೋಗಿ ಟೆಂಪೋದ ಹಲಗೆಯ ಪಕ್ಕ ನಿಂತು, ಕೈ ಚಾಚದೆ, ದನಿಯೇ ಇಲ್ಲದ ದನಿಯಲ್ಲಿ ಕರೆದರು.

'ಬಾ ತಾಯೀ.'

ಹಸು ಜಗ್ಗುವುದನ್ನು ನಿಲ್ಲಿಸಿತು. ತಲೆ ತಗ್ಗಿಸಿ, ಹೊಸ್ತಿಲು ದಾಟಿ, ಅಂಗಳ ದಾಟಿ, ನೇರ ಅತ್ತೆಯ ಹತ್ತಿರ ಬಂದು ನಿಂತಿತು. ಈ ಸಲ ಕರುವೂ ಹಿಂದೆಯೇ ಬಂತು.

ದಲ್ಲಾಳಿ, 'ಹಾಂ, ನಾನ್ ಹೇಳ್ಲಿಲ್ವಾ?' ಅಂತ ನಕ್ಕು ಹಗ್ಗಕ್ಕೆ ಕೈಹಾಕಿದ. ಅತ್ತೆ ಹಸುವಿನ ಹಣೆಯ ಮೇಲೆ ಕೈಯಿಟ್ಟುಕೊಂಡು ಹಾಗೆಯೇ ನಿಂತಿದ್ದರು.

'ಎಲ್ಗೆ ಅಂತ ಕೇಳ್ನಿಲ್ಲ ನೋಡು' ಅಂದರು, ಯಾರಿಗೆ ಹೇಳಿದರೋ. 'ಅವತ್ತೂ ಕೇಳ್ನಿಲ್ಲ. ಇವತ್ತೂ ಕೇಳ್ನಿಲ್ಲ.'

ಬೀದಿಯಲ್ಲೇ, ಟೆಂಪೋದ ಚಕ್ರದ ಪಕ್ಕ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತರು. ನಾನು ಮದುವೆಯಾಗಿ ಬಂದಾಗಿನಿಂದ ಅವರು ಹಾಗೆ ಅತ್ತದ್ದನ್ನು ನೋಡಿರಲಿಲ್ಲ. ಮಾವ ಹೋದಾಗಲೂ ಇಲ್ಲ. ನನಗೂ ತಡೆಯಲಾಗಲಿಲ್ಲ.

'ಗಾಡಿ ತಗೊಂಡ್ ಓಗಪ್ಪ' ಅಂದರು ದಲ್ಲಾಳಿಗೆ. ಆಮೇಲೆ ಮಗನ ಕಡೆ ತಿರುಗಿ, 'ಮಾತು ತಪ್ಪಿದೆ ಕಣಪ್ಪ. ನಂಗಾಗಾಕಿಲ್ಲ. ನೀನೇನ್ ಅಂತೀಯೋ ಅನ್ನು' ಅಂದರು.

ನಮ್ಮನೆಯವರು ಹಗ್ಗದ ಗುರುತು ಇನ್ನೂ ಉಳಿದಿದ್ದ ಅಂಗೈಯಿಂದ ಕರುವಿನ ಬೆನ್ನು ಸವರುತ್ತಾ ನಿಂತರು. ನಾನು ದಲ್ಲಾಳಿಯ ಕೈಯಿಂದ ಹಗ್ಗ ಕಿತ್ತುಕೊಂಡೆ.

'ಏಳಿ ಅತ್ತೆ. ಒಳಗೆ ಕರೀರಿ ಅದನ್ನ' ಅಂದೆ.

'ನಾನ್ ಕರಿಯಾಕಿಲ್ಲ ಕಣವ್ವ' ಅಂದರು. 'ನೀನೇ ಇಡ್ಕೊಂಡ್ ಓಗು.'

ಹಿಡಿದುಕೊಂಡು ಹೋದೆ. ಕೊಂಬು ತಿರುವಿತು, ಎಳೆದಾಡಿತು, ಹೊಸ್ತಿಲ ಹತ್ತಿರ ನನ್ನ ಕಾಲು ತುಳಿಯಿತು. ಅಂತೂ ಗೂಟಕ್ಕೆ ಕಟ್ಟಿದೆ.

ಅವತ್ತಿನಿಂದ ಅತ್ತೆ ಆ ಹಸುವನ್ನು ಕರೆದದ್ದನ್ನು ನಾನು ಕೇಳಿಲ್ಲ. ನೀರು ಕುಡಿಸಬೇಕಾದರೂ, ಮೈ ತೊಳೆಯಬೇಕಾದರೂ, ಮಂಡಿ ಹಿಡಿದುಕೊಂಡು ಎದ್ದು ಅದು ನಿಂತಲ್ಲಿಗೇ ಹೋಗುತ್ತಾರೆ.